ಬಾಂಬ್ ತೋಟಪ್ಪನ ಚೀಲದ ಕಟ್ಟೆ

ದಾವಣಗೆರೆಯ ಮಂಡಿಪೇಟೆಗೆ ಹೋಗಿ ಮೆಣಸಿನಕಾಯಿ ತೋಟಪ್ಪನ ಅಂಗಡಿ ಎಲ್ಲಿ ಎಂದು ಕೇಳಿದರೆ ಯಾರಿಗೂ ಥಟ್ಟನೆ ಹೊಳೆಯುವುದಿಲ್ಲ. ಬಾಂಬ್ ತೋಟಪ್ಪ ಎಂದು ಕೇಳಿ, ಹಮಾಲರಿಂದ ಹೂವಿನವರವರೆಗೆ ಎಲ್ಲರೂ ಕೈ ತೋರಿಸುತ್ತಾರೆ. ಹೊಸಬರು ಪಾಪ, ಯಾವ ರೌಡಿಯ ಅಂಗಡಿಯೋ ಎಂದು ಹಿಂಜರಿಯುತ್ತ ಒಳಗೆ ಇಣುಕಿದರೆ, ಹಣೆ ತುಂಬ ವಿಭೂತಿ ಹಚ್ಚಿಕೊಂಡ, ಐವತ್ತೈದರ ಆಸುಪಾಸಿನ, ಒಂದು ಕಡೆ ಕೂರಲಾರದ ಮನುಷ್ಯ ಕಾಣುತ್ತಾನೆ. ಅವನು ಬಂದವರ ಮುಖ ನೋಡುವುದು ಆಮೇಲೆ. ಮೊದಲು ಅವರ ಕೈಯಲ್ಲಿರುವ ಚೀಲ ನೋಡುತ್ತಾನೆ.

ಈ ಹೆಸರು ಸುಮ್ಮನೆ ಬಂದದ್ದಲ್ಲ. ತೊಂಬತ್ಮೂರರಲ್ಲಿ, ಇನ್ನೂ ಮದುವೆಯಾಗದ ತೋಟಪ್ಪ ಅಪ್ಪನ ಮಾತಿನಂತೆ ಬ್ಯಾಡಗಿ ಮೆಣಸಿನಕಾಯಿಯ ಮಾದರಿ ಹಿಡಿದುಕೊಂಡು ಮುಂಬಯಿಯ ದಿನಸಿ ಪೇಟೆಗೆ ಹೋಗಿದ್ದ. ಅಂಗಡಿಯೊಂದರ ಗುಮಾಸ್ತ ತುಂಬ ಒಳ್ಳೆಯವನು. "ಗಂಟು ಇಲ್ಲೇ ಇಡು, ನಾನು ನೋಡಿಕೊಳ್ತೀನಿ, ನೀನು ಚಹಾ ಕುಡಿದು ಬಾ" ಎಂದಿದ್ದ. ತೋಟಪ್ಪ ಬೀದಿಯ ತಿರುವು ದಾಟಿ ಚಹಾದ ಲೋಟ ಕೈಗೆ ತೆಗೆದುಕೊಂಡಿದ್ದನಷ್ಟೆ. ಅವತ್ತು ಮುಂಬಯಿಯಲ್ಲಿ ಒಂದಾದ ಮೇಲೊಂದು ಸಿಡಿದ ಬಾಂಬುಗಳಲ್ಲಿ ಒಂದು ಆ ಬೀದಿಯಲ್ಲೇ ಸಿಡಿಯಿತು. ಗಂಟು ಸಿಗಲಿಲ್ಲ. ನೋಡಿಕೊಳ್ತೀನಿ ಎಂದ ಗುಮಾಸ್ತನೂ ಸಿಗಲಿಲ್ಲ. ತೋಟಪ್ಪ ಮೈಮೇಲೆ ಒಂದು ಗೀರೂ ಇಲ್ಲದೆ ಊರಿಗೆ ಮರಳಿದ. ಗೀರು ಎಲ್ಲಿ ಬಿದ್ದಿತ್ತೋ ಅಲ್ಲಿಗೆ ಹಚ್ಚುವ ಮುಲಾಮು ಯಾರ ಹತ್ತಿರವೂ ಇರಲಿಲ್ಲ.

ಇಂಥ ಮನುಷ್ಯನ ಪಾಲಿಗೆ ಬಂದದ್ದು ಯಾವ ಅಂಗಡಿ ನೋಡಿ! ಅಂಗಡಿಯ ಮುಂದೆ ತೋಟಪ್ಪನ ಅಪ್ಪ ಕಟ್ಟಿಸಿದ ಕಲ್ಲಿನ ಕಟ್ಟೆಯೊಂದಿದೆ. ಕುಕ್ಕುವಾಡ ಕಡೆಯ ರೈತರು ಸಂತೆ ಸಾಮಾನಿಗೆ ಪೇಟೆಗೆ ಬಂದರೆ ಕೈಯಲ್ಲಿದ್ದ ಚೀಲ, ಗಂಟು, ಡಬ್ಬಿ ಎಲ್ಲವನ್ನೂ ಆ ಕಟ್ಟೆಯ ಮೇಲಿಟ್ಟು, "ಚೀಲ ನೋಡ್ಕಳ್ರಿ ಸಾವ್ಕಾರ್ರೆ" ಎಂದು ಹೇಳಿ, ಕೈ ಬೀಸಿಕೊಂಡು ಊರೆಲ್ಲ ಸುತ್ತಿ ಬರುತ್ತಾರೆ. ಚೀಟಿಯಿಲ್ಲ, ಬಾಡಿಗೆಯಿಲ್ಲ, ಒಳಗೇನಿದೆ ಎಂದು ಕೇಳುವ ಪದ್ಧತಿಯೂ ಇಲ್ಲ. ಹಾಗೆ ಕೇಳಿದರೆ ಅವಮಾನ. ಹೋಗುವಾಗ ಅವರು ಒಂದಿಷ್ಟು ಮೆಣಸಿನಕಾಯಿ ಕೊಂಡು ಹೋಗುತ್ತಾರೆ. ಅಪ್ಪನ ಕಾಲದಲ್ಲಿ ಆ ಕಟ್ಟೆ ಅಂಗಡಿಯ ಮರ್ಯಾದೆಯಾಗಿತ್ತು. ಮಗನಿಗೆ ಅದು ದಿನಾ ಬೆಳಿಗ್ಗೆ ಯಾರಿಗೂ ಕಾಣದಂತೆ ಚೀಲ ಬಿಚ್ಚಿ ನೋಡುವ ಜಾಗವಾಯಿತು.

ಎಲ್ಲೇ ಬಾಂಬ್ ಸಿಡಿದರೂ ಮರುದಿನ ಕಟ್ಟೆಯ ಮೇಲೆ ಒಂದು ರಟ್ಟಿನ ಬೋರ್ಡ್ ಬರುತ್ತಿತ್ತು: ಇಲ್ಲಿ ಚೀಲ ಇಡಬಾರದು. ಎರಡು ಸಾವಿರದ ಎಂಟರಲ್ಲಿ ಬೆಂಗಳೂರಿನಲ್ಲಿ ಆದಾಗ ಬಂತು, ಅದೇ ವರ್ಷ ಮುಂಬಯಿಯಲ್ಲಿ ಆದಾಗ ಮತ್ತೆ ಬಂತು. ಆಗ ಯಾರೂ ನಗಲಿಲ್ಲ. ಬೇರೆ ದಿನಗಳಲ್ಲಿ ನಗುತ್ತಿದ್ದವರೇ ಬಂದು, "ತೋಟಪ್ಪಾರೆ, ಬೆಂಗ್ಳೂರಿಗೆ ಮದುವಿ ಜವಳಿಗೆ ಹೋಗಬೋದೇನ್ರಿ?" ಎಂದು ಪಂಚಾಂಗದವರನ್ನು ಕೇಳುವಂತೆ ಕೇಳುತ್ತಿದ್ದರು. ರೈತರು ಹೇಳದೆಯೇ ಚೀಲದ ಬಾಯಿ ಬಿಚ್ಚಿ ತೋರಿಸುತ್ತಿದ್ದರು. ಸ್ವಲ್ಪ ದಿನ ಕಳೆದರೆ ಬೋರ್ಡಿನ ಮೇಲೊಬ್ಬ ಟವೆಲ್ ಒಣಹಾಕುತ್ತಿದ್ದ, ಇನ್ನೊಬ್ಬ ಅದನ್ನೇ ಮಡಚಿ ಗಾಳಿ ಬೀಸಿಕೊಳ್ಳುತ್ತಿದ್ದ. ಕಟ್ಟೆ ಮತ್ತೆ ತುಂಬುತ್ತಿತ್ತು. ಮುಂಚೆ ಪೇಟೆಯ ಭಯ ಇಳಿಯಲು ತಿಂಗಳುಗಟ್ಟಲೆ ಬೇಕಾಗುತ್ತಿತ್ತು. ಬರಬರುತ್ತ ಒಂದು ಕ್ರಿಕೆಟ್ ಪಂದ್ಯ ಬಂದರೆ ಸಾಕು, ಮರೆತುಬಿಡುತ್ತಿದ್ದರು. ತೋಟಪ್ಪನ ಭಯ ಮಾತ್ರ ಇಳಿಯುತ್ತಿರಲಿಲ್ಲ. ಎಲ್ಲರೂ ನಗುವ ಹೊತ್ತಿಗೆ ಅವನು ಬಾಯಿ ಮುಚ್ಚಿಕೊಳ್ಳುತ್ತಿದ್ದ, ಅಷ್ಟೆ.

ಮಂಗಳೂರಿನಲ್ಲಿ ಆಟೋದೊಳಗೆ ಕುಕ್ಕರ್ ಸಿಡಿದ ವಾರವಂತೂ ದೊಡ್ಡ ಅನಾಹುತವೇ ಆಯಿತು. ಕುಕ್ಕುವಾಡದ ಮಂಜುನಾಥ ಎಂಬ ರೈತ, ಹೆಂಡತಿ ರಿಪೇರಿಗೆ ಕೊಟ್ಟು ಕಳಿಸಿದ್ದ ಕುಕ್ಕರನ್ನು ಎಂದಿನಂತೆ ಕಟ್ಟೆಯ ಮೇಲಿಟ್ಟು ಹೋದ. ಬಟ್ಟೆ ಸುತ್ತಿದ ಕುಕ್ಕರಿನ ಹಿಡಿ ಕಂಡದ್ದೇ ತಡ, ತೋಟಪ್ಪ ದೂರದಿಂದ ಮೂರು ಬಕೆಟ್ ನೀರು ಎರಚಿ, ಪೊಲೀಸರಿಗೆ ಫೋನ್ ಮಾಡಿ, ಇಡೀ ಸಾಲನ್ನು ಖಾಲಿ ಮಾಡಿಸಿದ. ಮಂಜುನಾಥ ಬಂದು ತೊಟ್ಟಿಕ್ಕುವ ಕುಕ್ಕರನ್ನು ಎಲ್ಲರೆದುರು ತೆಗೆದ. ಒಳಗೆ ಹಳೆಯ ಗ್ಯಾಸ್ಕೆಟ್ ಇತ್ತು. "ಬಾಂಬ್" ಎಂಬ ಬಿರುದು ಬಂದದ್ದು ಅವತ್ತು.

ಪಕ್ಕದ ಹಗ್ಗ, ತಾಡಪಾಲಿನ ಅಂಗಡಿಯ ಅಮೀರ್ ಜಾನ್ ಮಾತ್ರ ಅವನನ್ನು ಯಾವತ್ತೂ ಹಾಗೆ ಕರೆಯಲಿಲ್ಲ. ಇಬ್ಬರ ಅಪ್ಪಂದಿರೂ ಅಕ್ಕಪಕ್ಕದಲ್ಲೇ ವ್ಯಾಪಾರ ಮಾಡಿದವರು. ಬೆಳಗಿನ ಚಹಾ ಇವರಿಬ್ಬರಿಗೂ ಒಂದೇ ಕೆಟಲಿನಿಂದ ಬರುತ್ತದೆ. ಹೋದ ವರ್ಷ ನವೆಂಬರಿನಲ್ಲಿ ದೆಹಲಿಯ ಕೆಂಪುಕೋಟೆಯ ಹತ್ತಿರ ಕಾರು ಸಿಡಿದ ಮರುದಿನ ಬೆಳಿಗ್ಗೆ ತೋಟಪ್ಪ ಮೊಬೈಲ್ ಹಿಡಿದುಕೊಂಡು ಅಂಗಡಿಯೊಳಗೂ ಹೊರಗೂ ಓಡಾಡುತ್ತಿದ್ದ. ಬಿಳಿ ಕಾರು, ಹರಿಯಾಣದ ನಂಬರ್ ಪ್ಲೇಟು. ಆ ಒಂದು ದೃಶ್ಯವನ್ನೇ ತಿರುತಿರುಗಿ ನೋಡುತ್ತಿದ್ದ. ಅಮೀರ್ ಜಾನ್ ಅರ್ಧ ಬಾಗಿಲು ಮಾತ್ರ ತೆಗೆದು ಕೂತಿದ್ದ.

"ನಿಂಗೇನಪ್ಪ, ಆರಾಮ್ ಕುಂತೀಯ. ನಂಗೆ ಕೈಕಾಲು ಆಡವಲ್ದು" ಎಂದ ತೋಟಪ್ಪ.

ಅಮೀರ್ ಜಾನ್ ಚಹಾದ ಲೋಟವನ್ನು ಕೆಳಗಿಟ್ಟ. "ತೋಟಪ್ಪ, ಇಂಥಾ ಸುದ್ದಿ ಬಂದ್ರೆ ನೀನು ಎಲ್ಲಿ ಆತು ಅಂತ ನೋಡ್ತೀಯ. ನಾನು ಯಾರು ಮಾಡಿದ್ದು, ಹೆಸ್ರೇನು ಅಂತ ನೋಡ್ತೀನಿ. ನಿನ್ ಭಯ ದಿಲ್ಲಿಯಿಂದ ಇಲ್ಲಿಗೆ ಬರಾಕ ಟೈಮ್ ಬೇಕು. ನಂದು ಇಲ್ಲೇ ಬಾಗ್ಲಾಗ ನಿಂತಿರ್ತೈತೆ."

ತೋಟಪ್ಪ ಒಳಗೆ ಹೋಗಿ ರಟ್ಟಿನ ಬೋರ್ಡ್ ಹುಡುಕಿ ತಂದು ಕಟ್ಟೆಗೆ ಕಟ್ಟಿದ.

ಆ ಬೋರ್ಡಿನ ಜೊತೆಗೆ ಸರಸ್ವತಿ ನಗರದ ಮನೆಯಲ್ಲೂ ಒಂದು ನಿಷೇಧ ಜಾರಿಗೆ ಬರುತ್ತಿತ್ತು. ಅದು ಅವನ ಹೆಂಡತಿ ಅಕ್ಕನಾಗಮ್ಮನ ರೈಲಿನ ಮೇಲೆ. ಅಕ್ಕನಾಗಮ್ಮ ಹರಿಹರದವಳು. ಅವಳ ತಂಗಿ ವಾಣಿಶ್ರೀ ಹರಿಹರೇಶ್ವರ ದೇವಸ್ಥಾನದ ಹತ್ತಿರ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟಿದ್ದಾಳೆ. ಮಂಗಳವಾರ, ಶುಕ್ರವಾರ ಅಕ್ಕನಾಗಮ್ಮ ಅಲ್ಲಿಗೆ ಹೋಗಿ ಸೀರೆಗಳಿಗೆ ಕುಚ್ಚು ಕಟ್ಟುತ್ತಾಳೆ. ಅವಳ ಕೈಯ ಕುಚ್ಚು ಎಂದರೆ ಹರಿಹರದ ಮದುವೆ ಮನೆಯವರು ಕಾಯುತ್ತಾರೆ. ಆದರೆ ಅವಳಿಗೆ ಕುಚ್ಚಿಗಿಂತ ಇಷ್ಟ ರೈಲು. ಪ್ಯಾಸೆಂಜರ್ ಗಾಡಿಯ ಕಿಟಕಿ ಪಕ್ಕ ಕೂತು, ಹೂವಿನವರ ಬುಟ್ಟಿಗೆ ಕಾಲು ತಾಗಿಸಿಕೊಂಡು, ಊರವರ ಸುದ್ದಿಯನ್ನೆಲ್ಲ ಕೇಳುತ್ತ ಹೋಗುವ ಆ ಸಣ್ಣ ಪ್ರಯಾಣದಲ್ಲಿ ಅವಳು ಯಾರ ಹೆಂಡತಿಯೂ ಅಲ್ಲ, ಯಾರ ಸೊಸೆಯೂ ಅಲ್ಲ. ತೋಟಪ್ಪನಿಗೆ ರೈಲೆಂದರೆ ಸೀಟಿನ ಕೆಳಗೆ ಯಾರದ್ದೋ ಚೀಲ.

"ಇವತ್ತಿಂದ ರೈಲು ಬ್ಯಾಡ, ಬಸ್ಸೂ ಬ್ಯಾಡ. ನಾನೇ ಸ್ಕೂಟರ್‌ದಾಗ ಬಿಡ್ತೀನಿ" ಎಂದ.

"ಎಷ್ಟು ದಿನ?"

"ಎಲ್ಲಾ ತಣ್ಣಗಾಗಲಿ."

"ಊರಾಗೆಲ್ಲಾ ತಣ್ಣಗಾಗ್ತೈತಿ. ನಿಮ್ಮ ತಲ್ಯಾಗ ಯಾವಾಗ್ರಿ?" ಎಂದಳು ಅಕ್ಕನಾಗಮ್ಮ. ಆಮೇಲೆ ನೂಲಿನ ಚೀಲ ತೆಗೆದುಕೊಂಡು ಸ್ಕೂಟರಿನ ಹಿಂದಿನ ಸೀಟಿನಲ್ಲಿ ಕೂತಳು. ಪ್ರತಿ ಸಲವೂ ಹಾಗೆಯೇ ಕೂತಿದ್ದಳು.

ತೋಟಪ್ಪನ ಸ್ಕೂಟರಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಅದರ ಎರಡೂ ಕನ್ನಡಿಗಳನ್ನು ಅವನು ಲಾರಿಯವರ ಅಂಗಡಿಯಲ್ಲಿ ಹೇಳಿ ದೊಡ್ಡದು ಹಾಕಿಸಿದ್ದ, ಹಿಂದೆ ಯಾರು ಬರುತ್ತಿದ್ದಾರೆಂದು ಕಾಣಬೇಕಲ್ಲ. ಹೆಲ್ಮೆಟ್ಟೂ ಇತ್ತು. ಅದು ಮುಂದಿನ ಕೊಕ್ಕೆಗೆ ನೇತಾಡುತ್ತಿತ್ತು, ಪೊಲೀಸರು ಕಂಡಾಗ ತಲೆಗೆ ಏರುತ್ತಿತ್ತು. ಬಾಂಬಿಗೆ ಹೆದರುವ ಮನುಷ್ಯ ಟಾರು ರಸ್ತೆಗೆ ಹೆದರುವುದು ಬೇಡವೇ ಎಂದು ನೀವು ಕೇಳಬಹುದು. ಮಂಡಿಪೇಟೆಯಲ್ಲಿ ಹಾಗೆ ಯಾರೂ ಕೇಳಲಿಲ್ಲ, ಏಕೆಂದರೆ ಕೇಳಬೇಕಾದವರ ಹೆಲ್ಮೆಟ್ಟೂ ಅಲ್ಲೇ ನೇತಾಡುತ್ತಿತ್ತು.

ಆ ಶುಕ್ರವಾರ ಬೆಳಿಗ್ಗೆ ಇಬ್ಬರೂ ಹಳೆಯ ರಸ್ತೆಯಲ್ಲಿ ಹರಿಹರದ ಕಡೆಗೆ ಹೊರಟರು. ಸುಗ್ಗಿಯ ಕಾಲ. ಗದ್ದೆಗಳಲ್ಲಿ ಭತ್ತದ ಕಟಾವು ನಡೆದಿತ್ತು, ರಸ್ತೆಯ ಅರ್ಧ ಭಾಗದಲ್ಲಿ ಅಲ್ಲಲ್ಲಿ ಮೆಕ್ಕೆಜೋಳ ಒಣಹಾಕಿದ್ದರು. ನಮ್ಮ ಕಡೆ ಇದು ಪ್ರತಿ ವರ್ಷದ ಕೆಲಸ. ಕಾಳು ಹರವುವುದು, ಗಾಡಿಗಳು ಹತ್ತದಿರಲಿ ಎಂದು ಅಂಚಿಗೆ ಸಾಲಾಗಿ ಕಲ್ಲು ಇಡುವುದು, ದೂರದಲ್ಲಿ ಮರದ ನೆರಳಿಗೆ ಕೂರುವುದು. ಹುಟ್ಟಿದಾಗಿನಿಂದ ನೋಡಿದ್ದರಿಂದ ತೋಟಪ್ಪನ ಕಣ್ಣಿಗೆ ಅದು ಕಾಣುತ್ತಲೇ ಇರಲಿಲ್ಲ.

ಅವನಿಗೆ ಕಂಡದ್ದು ಕನ್ನಡಿಯಲ್ಲಿನ ಬಿಳಿ ಕಾರು. ದಾವಣಗೆರೆ ದಾಟಿದಾಗಿನಿಂದ ಅದು ಬೆನ್ನು ಬಿದ್ದಿತ್ತು. ಮುಂದೆ ಹೋಗುತ್ತಿಲ್ಲ, ಹಿಂದೆಯೂ ಉಳಿಯುತ್ತಿಲ್ಲ. ಇವನು ನಿಧಾನ ಮಾಡಿದರೆ ಅದೂ ನಿಧಾನ. ನಂಬರ್ ಪ್ಲೇಟಿನ ಅಕ್ಷರಗಳು ಕನ್ನಡಿಯಲ್ಲಿ ತಿರುಗಾಮುರುಗ ಕಂಡವು. ಎಚ್, ಆರ್. ಹರಿಯಾಣದ ಕಾರಿಗೆ ನಡುದಾರಿಯ ಈ ದೊಡ್ಡಬಾತಿ ಹಳ್ಳಿಯಲ್ಲಿ ಏನು ಕೆಲಸ?

"ಹಿಂದೆ ತಿರುಗಿ ನೋಡಬ್ಯಾಡ" ಎಂದ ಹೆಂಡತಿಗೆ, ತಾನೇ ಕತ್ತು ತಿರುಗಿಸಿ ನೋಡುತ್ತ.

"ಏನ್ರಿ ಅದು? ಮುಂದೆ ನೋಡ್ರಿ."

"ಬಿಳಿ ಕಾರು. ನಮ್ ಹಿಂದೇ ಬರಾಕತ್ತೈತೆ."

"ಬರಲಿ ಬಿಡ್ರಿ. ಮುಂದೆ ನೋಡ್ರಿ ಅಂದ್ನಲ್ಲ."

ತೋಟಪ್ಪ ಇನ್ನೊಂದು ಸಲ ನಂಬರ್ ಓದಿ ಖಾತ್ರಿ ಮಾಡಿಕೊಳ್ಳಲೆಂದು ಕತ್ತು ತಿರುಗಿಸಿದ. ಮುಂದಿನ ಗಾಲಿ ಅಂಚಿನ ಕಲ್ಲಿಗೆ ಬಡಿಯಿತು, ಸ್ಕೂಟರ್ ಮೆಕ್ಕೆಜೋಳದ ಮೇಲೆ ಹತ್ತಿತು, ಕಾಳುಗಳ ಮೇಲೆ ಸರ್ರನೆ ಜಾರಿ ಅಡ್ಡ ಬಿತ್ತು. ಅವನು ಒಂದು ಕಡೆ, ಅಕ್ಕನಾಗಮ್ಮ ಇನ್ನೊಂದು ಕಡೆ. ಅವಳ ಚೀಲದಿಂದ ಕೆಂಪು, ಹಸಿರು, ಅರಿಶಿನ ಬಣ್ಣದ ರೇಷ್ಮೆ ನೂಲಿನ ಉಂಡೆಗಳು ಜೋಳದ ಮೇಲೆ ಉರುಳಿಕೊಂಡು ಹೋದವು. ತೋಟಪ್ಪನಿಗೆ ಮೊಣಕೈ ಕೆತ್ತಿತ್ತು, ಅಷ್ಟೆ. ಅವಳ ಬಲಗಾಲು ಸ್ಕೂಟರಿನ ಕೆಳಗಿತ್ತು, ಇರಬಾರದ ರೀತಿಯಲ್ಲಿ ಮಡಚಿತ್ತು.

ಬಿಳಿ ಕಾರು ನಿಂತಿತು. ಎರಡೂ ಕಡೆಯ ಬಾಗಿಲು ತೆಗೆದು ಇಬ್ಬರು ಗಂಡಸರು ಇವರತ್ತ ಓಡಿಬಂದರು, ಒಬ್ಬನಿಗೆ ಪೇಟ, ಗಡ್ಡ. ಆಗ ತೋಟಪ್ಪ ಮಾಡಿದ್ದನ್ನು ಹೇಳಲು ನಾಚಿಕೆಯಾಗುತ್ತದೆ. ಹೆಂಡತಿಯ ಕಾಲ ಮೇಲಿಂದ ಗಾಡಿ ಎತ್ತುವುದು ಬಿಟ್ಟು, ಅವಳಿಗೆ ಅಡ್ಡವಾಗಿ ಎರಡೂ ಕೈ ಚಾಚಿ ನಿಂತು, "ಬರಬ್ಯಾಡ್ರಿ! ಹತ್ರ ಬರಬ್ಯಾಡ್ರಿ!" ಎಂದು ಕಿರುಚಿದ.

ಆ ಇಬ್ಬರೂ ಅರ್ಧದಲ್ಲೇ ನಿಂತರು. ಭಾಷೆ ಗೊತ್ತಿಲ್ಲದಿದ್ದರೂ ಕೈಯ ಅರ್ಥ ಗೊತ್ತಾಗುತ್ತದೆ. ಪೇಟದವನ ಮುಖ ಸಣ್ಣಗಾಯಿತು.

"ಸುಮ್ಕಿರ್ರಿ!" ಎಂದಳು ಅಕ್ಕನಾಗಮ್ಮ ನೆಲದಿಂದ. ಹಲ್ಲು ಕಚ್ಚಿಕೊಂಡು ಮತ್ತೆ ಹೇಳಿದಳು, "ಅವರನ್ನ ಬರಾಕ ಬಿಡ್ರಿ. ಈ ಗಾಡಿ ಎತ್ರಿ ಮೊದ್ಲು."

ಅವರೇ ಎತ್ತಿದರು. ಅಷ್ಟರಲ್ಲಿ ಕಾರಿನ ಹಿಂದಿನಿಂದ ಭತ್ತ ಕೊಯ್ಯುವ ದೊಡ್ಡ ಯಂತ್ರವೊಂದು ಗುಡುಗುಡು ಸದ್ದು ಮಾಡುತ್ತ ಬಂದು ನಿಂತಿತು. ಕಾರು ನಿಧಾನ ಬರುತ್ತಿದ್ದುದು ಅದಕ್ಕೋಸ್ಕರ. ಅದು ಅವರದ್ದೇ ಯಂತ್ರ, ಸುಗ್ಗಿಗೆಂದು ಹರಿಯಾಣದಿಂದ ಇಲ್ಲಿಗೆ ಬಂದವರು. ಯಾವುದೋ ಹಳ್ಳಿಯ ಗದ್ದೆಗೆ ದಾರಿ ಹುಡುಕುತ್ತ ಹೋಗುತ್ತಿದ್ದರು. ತೋಟಪ್ಪನ ಅಷ್ಟು ದೊಡ್ಡ ಕನ್ನಡಿಯಲ್ಲಿ ಅಷ್ಟು ದೊಡ್ಡ ಯಂತ್ರ ಕಂಡಿರಲಿಲ್ಲ.

ಪೇಟದವನು ಅಕ್ಕನಾಗಮ್ಮನನ್ನು ತನ್ನ ತಾಯಿಯನ್ನು ಎತ್ತುವಂತೆ ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿದ. ತೋಟಪ್ಪ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಕಾರಿನೊಳಗೆ ಗ್ರೀಸಿನ ವಾಸನೆ, ಬೆಲ್ಟುಗಳು, ಸ್ಪ್ಯಾನರ್‌ಗಳು. ಅವನ ಕಾಲ ಬಳಿ ಬಾಯಿಗೆ ಬಟ್ಟೆ ಬಿಗಿದ ಒಂದು ತಗಡಿನ ಡಬ್ಬಿ. ಹೆಂಡತಿ ನೋವಿನಿಂದ ನರಳುತ್ತಿದ್ದಾಳೆ, ಇವನ ಕಣ್ಣು ಡಬ್ಬಿಯ ಮೇಲೆ! ಬೇಡವೆಂದರೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಆಸ್ಪತ್ರೆಯಲ್ಲಿ ಅವಳನ್ನು ಒಳಗೆ ಕರೆದುಕೊಂಡು ಹೋದ ಮೇಲೆ ಪೇಟದವನು ಅದೇ ಡಬ್ಬಿ ತಂದು, ಬಟ್ಟೆ ಬಿಚ್ಚಿ, ಲಡ್ಡು ಮುಂದೆ ಚಾಚಿದ. "ಖಾ ಲೋ ಅಂಕಲ್‌ಜೀ." ತೋಟಪ್ಪ ಲಡ್ಡು ತೆಗೆದುಕೊಂಡ. ಮೂವತ್ತು ವರ್ಷದಲ್ಲಿ ಮೊದಲ ಸಲ ಅವನು ಹೊರಗೆ, ಎಲ್ಲರೆದುರು ಅತ್ತ. ಅವರ ಹೆಸರು ಕೇಳಬೇಕೆಂದು ನೆನಪಾಗುವಷ್ಟರಲ್ಲಿ ಅವರು ಯಂತ್ರದ ಹತ್ತಿರಕ್ಕೆ ಮರಳಿ ಹೋಗಿಯಾಗಿತ್ತು.

ಸಂಜೆ ಆಸ್ಪತ್ರೆಗೆ ಅಮೀರ್ ಜಾನ್ ತನ್ನ ಹೆಂಡತಿ ಮಾಬೂಬೀಯನ್ನು ಕರೆದುಕೊಂಡು ಬಂದ. ಅವಳು ಗಂಜಿ ತಂದಿದ್ದಳು. ತೋಟಪ್ಪ ನಡೆದದ್ದನ್ನೆಲ್ಲ ಹೇಳಿದ, ಕೈ ಚಾಚಿ ಕಿರುಚಿದ್ದನ್ನೂ ಬಚ್ಚಿಡಲಿಲ್ಲ.

"ಅವ್ರ ಮುಖ ಹೆಂಗಾತು ಗೊತ್ತೇನು? ಈಗ್ಲೂ ಕಣ್ಣ ಮುಂದ ಐತೆ."

"ಗೊತ್ತೈತೆ ಬಿಡು" ಎಂದ ಅಮೀರ್ ಜಾನ್. ಗಂಜಿಯ ಪಾತ್ರೆ ಅವನತ್ತ ಸರಿಸುತ್ತ, "ಪಾಪ, ಅವ್ರಿಗೆ ಹೊಸದಿರಬೇಕು" ಎಂದ.

ಅಕ್ಕನಾಗಮ್ಮನ ಕಾಲಿಗೆ ರಾಡು ಹಾಕಿದರು. ಮನೆಗೆ ಬಂದ ಮೇಲೆ ಅವಳು ಕಿಟಕಿ ಪಕ್ಕದ ಮಂಚದ ಮೇಲೆ ಮಲಗಿ, ಸ್ಟೇಷನ್ ಕಡೆಯಿಂದ ರೈಲಿನ ಸದ್ದು ಕೇಳಿದಾಗಲೆಲ್ಲ ಕತ್ತು ಎತ್ತುತ್ತಿದ್ದಳು. ತೋಟಪ್ಪ ಅವಳ ಸುತ್ತ ಸುಳಿದಾಡುತ್ತಿದ್ದ. ದಿಂಬು ಸರಿಮಾಡುವುದು, ಮಾತ್ರೆ ಕೊಡುವುದು, ಗ್ಯಾಸ್ ಆಫ್ ಆಗಿದೆಯೇ ಎಂದು ನೋಡುವುದು, ಬಾಗಿಲ ಚಿಲಕ ಎಳೆದು ನೋಡುವುದು. ಒಂದು ಮಧ್ಯಾಹ್ನ ಅವಳು ಕೈ ಹಿಡಿದು ಕೂರಿಸಿದಳು.

"ಕೂಡ್ರಿ ಒಂದೀಟು. ತಲಿ ತಿರುಗ್ತೈತೆ ನಿಮ್ಮನ್ನ ನೋಡಿದ್ರೆ."

ಕೂತ.

"ಇಷ್ಟು ವರ್ಷ ಊರವರ ಚೀಲ ಎಲ್ಲಾ ಬಿಚ್ಚಿ ನೋಡಿದ್ರಿ. ನಂಗೆ ಯಾವುದಕ್ಕೆ ಭಯ ಅಂತ ಒಂದಿನ ಕೇಳಿದ್ರೇನು?"

ತೋಟಪ್ಪನಿಗೆ ಈ ಪ್ರಶ್ನೆ ಅರ್ಥವೇ ಆಗಲಿಲ್ಲ. ಮನೆಯಲ್ಲಿ ಭಯಪಡುವ ಕೆಲಸ ಅವನದ್ದು. ಅವಳದ್ದು ಧೈರ್ಯ ಹೇಳುವ ಕೆಲಸ. "ನಿಂಗೆಂಥಾ ಭಯ?" ಎಂದ.

"ನಿಮ್ಮ ಸ್ಕೂಟರ್."

ಅವನು ಹಿತ್ತಲ ಕಡೆ ನೋಡಿದ.

"ಒಂದೊಂದು ಸಲಾನೂ ದೊಡ್ಡಬಾತಿ ಬಂತಂದ್ರೆ ಕಣ್ಣು ಮುಚ್ಚಿಕಂತಿದ್ದೆ. ನೀವು ಹಿಂದೆ ನೋಡ್ಕಂತ ಓಡ್ಸೋರು. ನಾನು ಶಿವಾ ಶಿವಾ ಅನ್ಕಂತ, ಹರಿಹರ ಮುಟ್ಟಿದ್ ಮ್ಯಾಲೆ ಕಣ್ಣು ಬಿಡೋದು. ಹೇಳಿದ್ರೆ ನಿಮ್ಗೆ ಬ್ಯಾಸರ ಆಗ್ತೈತೆ, ಮೊದಲೇ ಹೆದರಿದ ಜೀವ ಅಂತ ಸುಮ್ನಿದ್ದೆ." ಅವಳು ಕಿಟಕಿಯತ್ತ ತಿರುಗಿದಳು. "ರೈಲಿನ್ಯಾಗ ಒಂದಿನಾನೂ ನಂಗೆ ಭಯ ಆಗಿಲ್ರಿ."

ತೋಟಪ್ಪ ಎದ್ದು ಹಿತ್ತಲಿಗೆ ಹೋದ. ರಿಪೇರಿಯಾಗಿ ಬಂದ ಸ್ಕೂಟರ್ ಅಲ್ಲಿ ನಿಂತಿತ್ತು. ಅದರ ಕನ್ನಡಿಯಲ್ಲಿ ಅವನ ಮುಖವೇ ಕಂಡಿತು. ಮುಂಬಯಿಯ ಗುಮಾಸ್ತ ನೆನಪಾದ. ನೋಡಿಕೊಳ್ತೀನಿ ಎಂದವನು ಸತ್ತ. ಅಂದಿನಿಂದ ತಾನು ಎಲ್ಲವನ್ನೂ, ಎಲ್ಲರನ್ನೂ ನೋಡಿಕೊಳ್ಳುತ್ತಲೇ ಬಂದೆ, ಬೆನ್ನಿಗೆ ಅಂಟಿಕೊಂಡು ಕೂತ ಜೀವವೊಂದನ್ನು ಬಿಟ್ಟು. ಆ ಯೋಚನೆ ಅವನನ್ನು ಬಹಳ ದಿನ ಸುಮ್ಮನೆ ಮಲಗಲು ಬಿಡಲಿಲ್ಲ.

ಬೇಸಗೆ ಶುರುವಾಗುವ ಹೊತ್ತಿಗೆ ಅಕ್ಕನಾಗಮ್ಮ ಕೋಲು ಹಿಡಿದು ನಡೆಯತೊಡಗಿದಳು. ಒಂದು ಮಂಗಳವಾರ ನೂಲಿನ ಚೀಲ ತೆಗೆದುಕೊಂಡು, "ರೈಲಿಗೆ ಹೋಗ್ತೀನಿ. ಒಬ್ಬಾಕೆನೇ" ಎಂದಳು. ತೋಟಪ್ಪ ಬೇಡ ಎನ್ನಲಿಲ್ಲ. ಸ್ಟೇಷನ್‌ವರೆಗೆ ಆಟೋದಲ್ಲಿ ಬಂದ. ಅವಳನ್ನು ಬೋಗಿಗೆ ಹತ್ತಿಸಿದ. ಎದುರಿನ ಸೀಟಿನ ಕೆಳಗೆ ಯಾರದ್ದೋ ನೀಲಿ ಚೀಲವಿತ್ತು. ಅವನ ಸೊಂಟ ತಾನಾಗಿಯೇ ಬಗ್ಗಿತು. ಅಕ್ಕನಾಗಮ್ಮ ಅವನ ಮುಖ ನೋಡಿದಳು. ತೋಟಪ್ಪ ನೆಟ್ಟಗಾಗಿ, ಎರಡೂ ಕೈಯನ್ನು ಜೇಬಿನಲ್ಲಿ ಇಟ್ಟುಕೊಂಡು ಕೆಳಗಿಳಿದ. ರೈಲು ಹೊರಟಿತು. ಅವಳು ಫೋನ್ ಮಾಡಿ "ಮುಟ್ಟಿದೆ" ಎನ್ನುವವರೆಗೆ ಅವನು ಪ್ಲಾಟ್‌ಫಾರಂ ಮೇಲೆ ಆ ತುದಿಯಿಂದ ಈ ತುದಿಗೆ ನಡೆಯುತ್ತಲೇ ಇದ್ದ. ಭಯವೇನೂ ಹೋಗಿರಲಿಲ್ಲ. ಹೋಗುವುದೂ ಇಲ್ಲ.

ಸಂಜೆ ಅವಳು ಸ್ಟೇಷನ್ನಿನಿಂದ ನೇರ ಅಂಗಡಿಗೆ ಬಂದಳು. ಮುಖ ತೊಳೆದ ತಟ್ಟೆಯ ಹಾಗೆ ಹೊಳೆಯುತ್ತಿತ್ತು. ತೋಟಪ್ಪನ ಕಷ್ಟ ನೋಡಿ ರೈತರು ಈ ಸಲ ಚೀಲ ಇಡುವುದನ್ನೇ ಬಿಟ್ಟಿದ್ದರಿಂದ ಚಳಿಗಾಲದಿಂದ ಖಾಲಿಯಿದ್ದ ಕಟ್ಟೆಯ ಮೇಲೆ, ರಟ್ಟಿನ ಬೋರ್ಡಿನ ಪಕ್ಕದಲ್ಲೇ, ತನ್ನ ಚೀಲವಿಟ್ಟಳು.

"ಚೀಲ ನೋಡ್ಕಳ್ರಿ ಸಾವ್ಕಾರ್ರೆ. ಎದುರಿಗೆ ಬಾಳೆಹಣ್ಣು ತಗಂಬರ್ತೀನಿ."

ಅಮೀರ್ ಜಾನ್ ತನ್ನ ಅಂಗಡಿಯಿಂದ ಜೋರಾಗಿ ನಕ್ಕ. ಅದೇ ಹೊತ್ತಿಗೆ ಅಲ್ಲಿಂದ ಹೋಗುತ್ತಿದ್ದ ಕುಕ್ಕುವಾಡದ ಮಂಜುನಾಥ, ಕಟ್ಟೆಯ ಮೇಲೊಂದು ಚೀಲ ಕಂಡು, "ಓ, ಶುರುವಾತಾ?" ಎಂದು ತನ್ನ ಗಂಟನ್ನೂ ಅದರ ಪಕ್ಕಕ್ಕೆ ಇಟ್ಟು ಹೋದ. ಬಟ್ಟೆ ಸುತ್ತಿದ, ಗುಂಡನೆಯ, ಭಾರದ ಗಂಟು. ಒಳಗೇನಿದೆಯೋ ಶಿವನೇ ಬಲ್ಲ.

ತೋಟಪ್ಪ ಗಲ್ಲಾ ಬಿಟ್ಟು ಎದ್ದು ಕಟ್ಟೆಯವರೆಗೆ ಬಂದ. ಕೈ ಒಂದು ಸಲ ಗಂಟಿನ ಕಡೆ ಹೋಯಿತು. ಆದರೆ ಅವನ ಕಣ್ಣು ಅಲ್ಲಿರಲಿಲ್ಲ. ಅಕ್ಕನಾಗಮ್ಮ ಕೋಲೂರಿಕೊಂಡು, ಆಟೋ, ಬೈಕುಗಳ ನಡುವೆ ರಸ್ತೆ ದಾಟುತ್ತಿದ್ದಳು. ಬೈಕಿನವನೊಬ್ಬ ಹಿಂದಿನವನ ಜೊತೆ ಮಾತಾಡಲು ಕತ್ತು ತಿರುಗಿಸಿಕೊಂಡು ಅವಳತ್ತಲೇ ಬರುತ್ತಿದ್ದ.

ಚೀಲಗಳನ್ನು ಅಲ್ಲೇ ಬಿಟ್ಟು ತೋಟಪ್ಪ ರಸ್ತೆಗೆ ಹಾರಿದ. "ಏಯ್! ಮುಂದೆ ನೋಡಿ ಓಡ್ಸಪ್ಪಾ, ಮುಂದೆ ನೋಡಿ!" ಎಂದು ಮಂಡಿಪೇಟೆಯೆಲ್ಲ ತಿರುಗಿ ನೋಡುವಂತೆ ಕೂಗುತ್ತ, ಹೋಗಿ ಅವಳ ಕೈ ಹಿಡಿದುಕೊಂಡ.